ರಾಗಿ ಮೂಟೆ ಸೋರಿದ ಜಾಡು: ಮೂರು ತಲೆಮಾರು ಹುಡುಕಿದ ಹಡಗು

ನಿಧಿ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಒಂದು ಕೊಪ್ಪರಿಗೆ. ಹಾಳು ಗುಡಿಯ ಹಿಂದೆ, ಹುತ್ತದ ಪಕ್ಕ, ಹುಣಸೆ ಮರದ ಬುಡದಲ್ಲಿ ಹೂತಿಟ್ಟ ಕೊಪ್ಪರಿಗೆ. ಅದಕ್ಕೊಂದು ಹಾವಿನ ಕಾವಲು. ಜಾಗ ಗೊತ್ತಾದರೆ ಮುಗೀತು, ಅಗೆದರೆ ಹೊನ್ನು. ಈ ಹುಚ್ಚಿಗೆ ನಮ್ಮಲ್ಲಿ ಎಷ್ಟು ನಂದಿಗಳ ಹೊಟ್ಟೆ ಒಡೆದಿದ್ದಾರೋ ಲೆಕ್ಕವಿಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೂ ಬಿಡಲಿಲ್ಲ.

ನಿಧಿ ಹುಡುಕಲು ಹೊರಟು ನಿಜವಾಗಿಯೂ ಗೆದ್ದ ಮನೆಯೊಂದರ ಕಥೆ ಓದಿದರೆ, ಈ ಕೊಪ್ಪರಿಗೆಯ ಲೆಕ್ಕಾಚಾರವೇ ತಪ್ಪು ಅಂತ ಗೊತ್ತಾಗುತ್ತದೆ. ಅಮೆರಿಕದ ಫ್ಲೋರಿಡಾದ ಫಿಶರ್ ಕುಟುಂಬ 1622ರಲ್ಲಿ ಮುಳುಗಿದ ಸ್ಪೇನ್ ದೇಶದ ಹಡಗೊಂದನ್ನು ಹದಿನಾರು ವರ್ಷ ಹುಡುಕಿತು. ಹಡಗಿನ ಹೆಸರು ‘ನುಯೆಸ್ತ್ರಾ ಸೆನ್ಯೋರಾ ದೆ ಅತೋಚಾ’. ಗಂಡ ಹೆಂಡತಿ ಶುರು ಮಾಡಿದ್ದು, ಮಕ್ಕಳು ಸೊಸೆ ಸೇರಿಕೊಂಡಿದ್ದು, ಆಮೇಲೆ ಮೊಮ್ಮಗನೂ ಇಳಿದದ್ದು. ಇವರೂ ಬಹಳ ಕಾಲ ಕೊಪ್ಪರಿಗೆಯನ್ನೇ ಹುಡುಕಿದರು. ಅಂದರೆ ಒಂದು ಜಾಗ, ಒಂದು ರಾಶಿ. ಆದರೆ ಸಮುದ್ರದ ತಳದಲ್ಲಿ ಇದ್ದದ್ದು ಮೈಲಿಗಟ್ಟಲೆ ಎಳೆದ ಒಂದು ಗೆರೆ. ಅದು ಹೇಗೆ ಅಂತ ಅರ್ಥವಾಗಬೇಕಾದರೆ ಮೊದಲು ಹಡಗು ಮುಳುಗಿದ ರೀತಿ ತಿಳಿಯಬೇಕು.

ಆಗ ಸ್ಪೇನ್ ರಾಜ ನಾಲ್ಕನೇ ಫಿಲಿಪ್. ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು, ಖಜಾನೆ ಖಾಲಿ, ತಲೆ ತುಂಬ ಸಾಲ. ದಕ್ಷಿಣ ಅಮೆರಿಕದ ಗಣಿಗಳ ಬೆಳ್ಳಿ ಬಂದರೇನೇ ಸಾಲ ಕೊಟ್ಟವರ ಬಾಯಿ ಮುಚ್ಚಿಸಬಹುದು ಅನ್ನುವ ಸ್ಥಿತಿ. ಹೀಗಾಗಿ ವರ್ಷವರ್ಷವೂ ಹಡಗುಗಳು ಗುಂಪಾಗಿ ಹೋಗಿ ಬೆಳ್ಳಿ ಬಂಗಾರ ತುಂಬಿಕೊಂಡು ಗುಂಪಾಗಿಯೇ ವಾಪಸು ಬರುತ್ತಿದ್ದವು. ಅತೋಚಾ ಆ ಗುಂಪಿನ ಬೆನ್ನಿಗೆ ಕಾವಲಾಗಿ ಕೊನೆಯಲ್ಲಿ ಬರುವ ಹಡಗು. 20 ಕಂಚಿನ ಫಿರಂಗಿಗಳಿದ್ದವು. ಕಾವಲು ಗಟ್ಟಿ ಇದೆಯಲ್ಲ ಅಂತ ಬೆಲೆಬಾಳುವ ಸರಕನ್ನೆಲ್ಲ ಅದರ ಹೊಟ್ಟೆಗೇ ತುಂಬಿದ್ದರು. 24 ಟನ್ ಬೆಳ್ಳಿ 1,038 ಗಟ್ಟಿಗಳಾಗಿ, ಸುಮಾರು 1,80,000 ಬೆಳ್ಳಿ ಪೆಸೊ ನಾಣ್ಯ, 125 ಬಂಗಾರದ ಗಟ್ಟಿ ಮತ್ತು ಬಿಲ್ಲೆ, 582 ತಾಮ್ರದ ಗಟ್ಟಿ, 350 ಪೆಟ್ಟಿಗೆ ನೀಲಿ ಬಣ್ಣ, 525 ಮೂಟೆ ಹೊಗೆಸೊಪ್ಪು. ಇದೆಲ್ಲ ಬರೆದುಕೊಂಡು ಹಡಗಿಗೇರಿಸುವುದಕ್ಕೇ ಎರಡು ತಿಂಗಳು ಹಿಡಿಯಿತು.

ಹೊರಡುವುದು ವಾರಗಟ್ಟಲೆ ತಡವಾಯಿತು. ಸೆಪ್ಟೆಂಬರ್ 4ಕ್ಕೆ 28 ಹಡಗುಗಳು ಕ್ಯೂಬಾದ ಹವಾನಾ ಬಿಟ್ಟವು. ಅದು ಚಂಡಮಾರುತದ ಕಾಲ. ಎರಡೇ ದಿನದಲ್ಲಿ, ಸೆಪ್ಟೆಂಬರ್ 6ರಂದು, ಫ್ಲೋರಿಡಾದ ದಕ್ಷಿಣ ತುದಿಯ ಸಣ್ಣ ದ್ವೀಪಗಳ ಹತ್ತಿರ ಅತೋಚಾ ಹವಳದ ದಿಬ್ಬಕ್ಕೆ ಬಡಿದು ಮುಳುಗಿತು. ಇದ್ದ 265 ಜನರಲ್ಲಿ ಬದುಕಿದ್ದು ಐದೇ ಮಂದಿ. ಮೂವರು ನಾವಿಕರು, ಇಬ್ಬರು ಗುಲಾಮರು. ನೀರಿನ ಮೇಲೆ ಚಾಚಿಕೊಂಡಿದ್ದ ಹಾಯಿಕಂಬವೊಂದಕ್ಕೆ ಜೋತುಬಿದ್ದಿದ್ದವರು ಅವರು. ಜೊತೆಗಿದ್ದ ‘ಸಾಂತಾ ಮಾರ್ಗರೀತಾ’ ಅನ್ನುವ ಹಡಗೂ ಅಲ್ಲೇ ಹತ್ತಿರದಲ್ಲಿ ಹೋಯಿತು.

ಮುಖ್ಯ ವಿಷಯ ಬರುವುದು ಇಲ್ಲಿ. ಅತೋಚಾ ಮುಳುಗಿದ್ದು ಸುಮಾರು 55 ಅಡಿ ನೀರಿನಲ್ಲಿ. ಹಡಗು ಇಡಿಯಾಗಿಯೇ ಕೆಳಗೆ ಕೂತಿತ್ತು. ಗಾಸ್ಪರ್ ದೆ ವಾರ್ಗಾಸ್ ಅನ್ನುವವನು ಬೇಗನೆ ಬಂದು ಜಾಗವನ್ನೂ ಕಂಡುಹಿಡಿದ. ಆದರೆ ಹಡಗಿನ ಕಿಂಡಿ ಬಾಗಿಲುಗಳೆಲ್ಲ ಭದ್ರವಾಗಿ ಮುಚ್ಚಿದ್ದವು. ಉಸಿರು ಬಿಗಿಹಿಡಿದು ಮುಳುಗುವವರು ಅಷ್ಟು ಆಳದಲ್ಲಿ ಅದನ್ನು ಒಡೆಯುವುದು ಆಗದ ಮಾತು. ಸಾಮಾನು ತರೋಣ ಅಂತ ಅವನು ವಾಪಸು ಹೋದ. ಅಷ್ಟರಲ್ಲಿ ಅಕ್ಟೋಬರ್ 5ಕ್ಕೆ ಎರಡನೇ ಚಂಡಮಾರುತ ಬಂತು. ತಳದಲ್ಲಿದ್ದ ಹಡಗನ್ನು ಎರಡು ಭಾಗ ಮಾಡಿಬಿಟ್ಟಿತು. ಭಾರಕ್ಕೆ ಹಾಕಿದ ಕಲ್ಲುಗಳೂ ಬೆಳ್ಳಿಯೂ ಇದ್ದ ಕೆಳಹೊಟ್ಟೆ ಅಲ್ಲೇ ಉಳಿಯಿತು. ಫಿರಂಗಿ, ಲಂಗರು, ಕೋಣೆಗಳಿದ್ದ ಮೇಲ್ಭಾಗ ಕಿತ್ತುಕೊಂಡು ತೇಲಿತು. ತೇಲುತ್ತಾ ಒಂದೊಂದೇ ಸಾಮಾನು ಉದುರಿಸುತ್ತಾ ಹೋಯಿತು.

ತೂತು ಬಿದ್ದ ರಾಗಿ ಮೂಟೆ ಹೇರಿಕೊಂಡು ಗಾಡಿ ಹೋಗುತ್ತಿದೆ ಅಂದುಕೊಳ್ಳಿ. ದಾರಿಯುದ್ದಕ್ಕೂ ಕಾಳು ಸೋರಿದೆ. ಮೂಟೆಗಳ ದೊಡ್ಡ ರಾಶಿ ಗಾಡಿ ಹೊರಟ ಕಣದಲ್ಲೇ ಇದೆ. ಮುನ್ನೂರೈವತ್ತು ವರ್ಷ ಆದಮೇಲೆ ನೀವು ಬರುತ್ತೀರಿ, ನಾಲ್ಕು ಕಾಳು ಸಿಗುತ್ತದೆ. ಗಾಡಿ ಯಾವ ಕಡೆಯಿಂದ ಬಂತು, ಯಾವ ಕಡೆಗೆ ಹೋಯಿತು? ಕಾಳು ನೋಡಿದರೆ ಗೊತ್ತಾಗುವುದಿಲ್ಲ. ಫಿಶರ್ ಕುಟುಂಬದ ಹದಿನಾರು ವರ್ಷದಲ್ಲಿ ಬಹುಪಾಲು ಕಳೆದದ್ದು ಈ ಒಂದು ಪ್ರಶ್ನೆಯಲ್ಲಿ.

ಸ್ಪೇನಿನವರು ಸುಮ್ನೆ ಕೂರಲಿಲ್ಲ. 1626ರಲ್ಲಿ ಫ್ರಾನ್ಸಿಸ್ಕೊ ನೂನ್ಯೆಸ್ ಮೆಲಿಯಾನ್ ಅನ್ನುವ ಅಧಿಕಾರಿ ಹವಾನಾದಲ್ಲಿ ಸುಮಾರು 300 ಕೆಜಿ ತೂಕದ ಕಂಚಿನ ಗಂಟೆಯೊಂದನ್ನು ಎರಕ ಹೊಯ್ಯಿಸಿದ. ಚೊಂಬನ್ನು ಬೋರಲು ಹಾಕಿ ನೀರಿಗೆ ಒತ್ತಿದರೆ ಒಳಗೆ ಗಾಳಿ ಉಳಿಯುತ್ತದಲ್ಲ, ಅದೇ ಉಪಾಯ. ಗಂಟೆಯೊಳಗೆ ಒಬ್ಬ ಕೂತು ಕೆಳಗಿಳಿಯುತ್ತಿದ್ದ, ಕಿಟಕಿಯಿಂದ ನೋಡುತ್ತಿದ್ದ. ನಿಧಿ ಮೊದಲು ಕಂಡ ಗುಲಾಮನಿಗೆ ಬಿಡುಗಡೆ ಅಂತ ಮಾತು ಕೊಟ್ಟಿದ್ದರು. ಹ್ವಾನ್ ಬನ್ಯೋನ್ ಅನ್ನುವ ಗುಲಾಮ ಆ ಜೂನ್‌ನಲ್ಲಿ ಮಾರ್ಗರೀತಾದ ಬೆಳ್ಳಿ ಕಂಡ, ಬಿಡುಗಡೆ ಪಡೆದ. ಆಮೇಲೆ ಮೆಲಿಯಾನ್‌ನ ಕಡೆಯವರು ನೂರಾರು ಬೆಳ್ಳಿ ಗಟ್ಟಿ ಎತ್ತಿದರು. ಅತೋಚಾ ಮಾತ್ರ ಸಿಗಲಿಲ್ಲ. ಆದರೆ ಈ ಮೆಲಿಯಾನ್ ಬರೆದಿಟ್ಟ ಖರ್ಚಿನ ಲೆಕ್ಕವೇ ಮುಂದೆ ಎಲ್ಲವನ್ನೂ ತಿರುಗಿಸಿತು. ಅದಕ್ಕೆ ಬರೋಣ.

ಮೆಲ್ ಫಿಶರ್ ಹುಟ್ಟಿದ್ದು 1922ರಲ್ಲಿ, ಸಮುದ್ರವೇ ಇಲ್ಲದ ಇಂಡಿಯಾನಾದಲ್ಲಿ. ಕ್ಯಾಲಿಫೋರ್ನಿಯಾಗೆ ಬಂದು ಕೋಳಿ ಫಾರಂ ನಡೆಸುತ್ತಿದ್ದರು. ಪಕ್ಕದಲ್ಲೇ ಡೈವಿಂಗ್ ಸಾಮಾನು ಮಾರಲು ಶುರು ಮಾಡಿ, ಕೋಳಿ ಬಿಟ್ಟು ಅದನ್ನೇ ಅಂಗಡಿ ಮಾಡಿಕೊಂಡರು. 1953ರಲ್ಲಿ ಡೋಲೊರೆಸ್ ಅವರನ್ನು ಮದುವೆಯಾದರು. ಎಲ್ಲರೂ ‘ಡಿಯೊ’ ಅಂತಲೇ ಕರೆಯುತ್ತಿದ್ದರು. ಡಿಯೊ ಗಂಡನ ಹಿಂದೆ ನಡೆದ ಹೆಂಡತಿ ಅಂದುಕೊಂಡರೆ ತಪ್ಪು. 1959ರಲ್ಲಿ ಅವರು ಎರಡು ದಿನಕ್ಕಿಂತ ಜಾಸ್ತಿ ಹೊತ್ತು ನೀರಿನೊಳಗೇ ಇದ್ದು ಹೆಂಗಸರ ದಾಖಲೆ ಮಾಡಿದವರು. ಈ ಕಥೆಗೆ ಬರುವ ಮಕ್ಕಳು ಡರ್ಕ್, ಕಿಮ್, ಕೇನ್.

1963ರಲ್ಲಿ ಇದ್ದದ್ದೆಲ್ಲ ಮಾರಿ ಫ್ಲೋರಿಡಾಗೆ ಹೊರಟರು. ಅಲ್ಲಿ 1715ರಲ್ಲಿ ಮುಳುಗಿದ ಇನ್ನೊಂದು ಹಡಗಿನ ಗುಂಪನ್ನು ಕಿಪ್ ವ್ಯಾಗ್ನರ್ ಅನ್ನುವವರು ಹುಡುಕುತ್ತಿದ್ದರು. ಒಂದು ವರ್ಷ ಸಂಬಳವಿಲ್ಲದೆ ದುಡಿಯುತ್ತೇವೆ, ಸಿಕ್ಕಿದ್ದರಲ್ಲಿ ಪಾಲು ಕೊಡಿ ಅಂತ ಒಪ್ಪಂದ. ಮಕ್ಕಳೊಂದಿಗೆ ಇಂಥ ಮಾತಿಗೆ ಒಪ್ಪುವ ಧೈರ್ಯ ನನಗಂತೂ ಇಲ್ಲ. ವರ್ಷ ಮುಗಿಯುತ್ತಾ ಬಂದರೂ ಕೈಗೆ ಹೇಳಿಕೊಳ್ಳುವಂಥದ್ದು ಬಂದಿರಲಿಲ್ಲ. 1964ರ ಮೇ ತಿಂಗಳಲ್ಲಿ ಒಂದೇ ಗುಂಡಿಯಲ್ಲಿ ಸಾವಿರಕ್ಕೂ ಹೆಚ್ಚು ಬಂಗಾರದ ನಾಣ್ಯ ಸಿಕ್ಕಿತು.

ಅದು ಸಿಕ್ಕಿದ್ದು ಒಂದು ತಪ್ಪಿನಿಂದ. ತಳದಲ್ಲಿ ನೀರು ಕದಡಿ ಕಣ್ಣೇ ಕಾಣುತ್ತಿರಲಿಲ್ಲ. ಮೇಲಿನ ತಿಳಿನೀರನ್ನು ಕೆಳಗೆ ತಳ್ಳಿದರೆ ಹೇಗೆ ಅಂತ ಮೆಲ್ ಯೋಚಿಸಿದರು. ದೋಣಿಯ ಹಿಂದಿನ ಪ್ರೊಪೆಲ್ಲರ್‌ಗೆ ಮೊಣಕೈ ಆಕಾರದ ದೊಡ್ಡ ಕೊಳವೆ ಸಿಕ್ಕಿಸಿದರು. ದೋಣಿಯನ್ನು ಲಂಗರುಗಳಿಂದ ಬಿಗಿದು ಎಂಜಿನ್ ಓಡಿಸಿದರೆ, ಹಿಂದಕ್ಕೆ ಚಿಮ್ಮಬೇಕಾದ ನೀರು ಕೊಳವೆಯಲ್ಲಿ ತಿರುಗಿ ನೇರ ಕೆಳಕ್ಕೆ. ತಿಳಿನೀರು ಇಳಿಯಿತು, ನಿಜ. ಜೊತೆಗೆ ತಳದ ಮರಳೂ ಹಾರಿಹೋಗಿ ದೊಡ್ಡ ಗುಂಡಿಯೇ ಬಿತ್ತು! ಕೈಯಲ್ಲಿ ಬಳಿದರೆ ದಿನಗಟ್ಟಲೆ ಆಗುವ ಕೆಲಸ ನಿಮಿಷಗಳಲ್ಲಿ. ನೋಡಲು ಅಂಚೆ ಡಬ್ಬಿಯ ಥರ ಇತ್ತು ಅಂತ ಅದಕ್ಕೆ ‘ಮೇಲ್‌ಬಾಕ್ಸ್’ ಅಂತಲೇ ಹೆಸರಾಯಿತು. ನಿಧಿ ಹುಡುಕುವ ದೋಣಿಗಳಲ್ಲಿ ಇವತ್ತಿಗೂ ಈ ಕೊಳವೆಗಳೇ ಇರುವುದು.

1969ರ ಹೊತ್ತಿಗೆ ಮೆಲ್ ಕಣ್ಣು ಅತೋಚಾ ಮೇಲೆ ಬಿತ್ತು. ಹೊಸ ಯಂತ್ರ, ಅನುಭವ, ಹುಮ್ಮಸ್ಸು ಎಲ್ಲ ಇತ್ತು. ಜಾಗ ಮಾತ್ರ ತಪ್ಪು. ಆಗಿನ ನಿಧಿ ಬೇಟೆಗಾರರೆಲ್ಲ ಹುಡುಕುತ್ತಿದ್ದದ್ದು ಮಾಟೆಕುಂಬೆ ಅನ್ನುವ ದ್ವೀಪದ ಸುತ್ತ, ಹಳೆಯ ಕಾಗದಗಳಲ್ಲಿ ಆ ಹೆಸರು ಬರುತ್ತದೆ ಅಂತ. ಮೆಲ್ ಕೂಡ ಅಲ್ಲೇ ನೀರು ಕಲಕುತ್ತಿದ್ದರು.

ನನಗೆ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾಗುವ ಮನುಷ್ಯ ಬರುವುದು ಈಗ. ಯೂಜೀನ್ ಲಯನ್, ಫಿಶರ್ ಮನೆಯವರಿಗೆ ಚರ್ಚಿನಲ್ಲಿ ಪರಿಚಯವಾದ ಇತಿಹಾಸದ ವಿದ್ಯಾರ್ಥಿ. ಡಾಕ್ಟರೇಟ್ ಓದಿಗಾಗಿ ಸ್ಪೇನಿನ ಸೆವಿಯಾ ಊರಿಗೆ ಹೊರಟಿದ್ದರು. ಅಲ್ಲಿನ ದಫ್ತರಖಾನೆಯ ಹೆಸರು ‘ಇಂಡೀಸ್ ದಫ್ತರಖಾನೆ’. ನಮ್ಮ ಇಂಡಿಯಾಗೂ ಅದಕ್ಕೂ ಸಂಬಂಧವಿಲ್ಲ. ಕೊಲಂಬಸ್ ಅಮೆರಿಕಕ್ಕೆ ಹೋಗಿ ಇಂಡಿಯಾ ತಲುಪಿದೆ ಅಂದುಕೊಂಡನಲ್ಲ, ಆ ತಪ್ಪು ದಫ್ತರಖಾನೆಯ ಬಾಗಿಲ ಮೇಲೆ ಹಾಗೇ ಉಳಿದಿದೆ. ಒಳಗೆ ಸ್ಪೇನಿನ ಅಮೆರಿಕ ರಾಜ್ಯಭಾರದ ಕಾಗದದ ಕಟ್ಟುಗಳು, ಕೋಟ್ಯಂತರ ಹಾಳೆ. ಹದಿನೇಳನೇ ಶತಮಾನದ ಗುಮಾಸ್ತರ ಬರಹ ಅಂದರೆ ಪದ ಎಲ್ಲಿ ಮುಗಿಯಿತು ಅಂತಲೂ ಗೊತ್ತಾಗದಂತೆ ಒಂದಕ್ಕೊಂದು ಸರಪಳಿ ಹಾಕಿದ ಅಕ್ಷರ. ನಮ್ಮಲ್ಲಿ ಹಳೆಯ ಮೋಡಿ ಲಿಪಿಯ ಕಡತ ಬಿಡಿಸಿದವರಿಗೆ ಆ ಕಷ್ಟ ಗೊತ್ತು.

ಮೆಲಿಯಾನ್‌ನ ಖರ್ಚಿನ ಲೆಕ್ಕ, ಹುಳ ತಿಂದ ಕಟ್ಟು, ಲಯನ್ ಕೈಗೆ ಬಂತು. ಮಾರ್ಗರೀತಾ ಬೆಳ್ಳಿ ಎತ್ತಿದ ಜಾಗ ಅಂತ ಅದರಲ್ಲಿ ಬರೆದದ್ದು ‘ಕಾಯೋಸ್ ದೆಲ್ ಮಾರ್ಕೇಸ್’. ಅಂದರೆ ಮಾರ್ಕೇಸನ ದ್ವೀಪಗಳು. ಹಡಗಿನ ಗುಂಪಿನ ಮುಖ್ಯಸ್ಥನಾಗಿದ್ದ ಕದೆರೇತಾದ ಮಾರ್ಕೇಸ್ (ಅದೊಂದು ಸರದಾರ ಪದವಿ), ನಿಧಿ ಎತ್ತುವ ಕೆಲಸ ನೋಡಲು ಅಲ್ಲಿ ಬೀಡುಬಿಟ್ಟಿದ್ದ. ಅದಕ್ಕೇ ಆ ಹೆಸರು. ಲಯನ್ ಹಳೆಯ ನಕ್ಷೆಗಳನ್ನು ಹರಡಿ ನೋಡಿದರು. ಇವತ್ತಿನ ‘ಮಾರ್ಕೇಸಾಸ್ ಕೀಸ್’ ಅದೇ. ಕೀ ವೆಸ್ಟ್ ಊರಿನ ಪಶ್ಚಿಮಕ್ಕೆ. ಮೆಲ್ ಹುಡುಕುತ್ತಿದ್ದ ಜಾಗದಿಂದ ನೂರು ಮೈಲಿಯಷ್ಟು ದೂರ! ಒಂದು ಸಾಲಿನ ಒಂದು ಹೆಸರು ಓದಿದ್ದಕ್ಕೆ ದೋಣಿ, ಮನೆ, ಮಕ್ಕಳು, ಸಾಲ ಎಲ್ಲ ಕೀ ವೆಸ್ಟ್‌ಗೆ ಸ್ಥಳಾಂತರ.

ಜಾಗ ಗೊತ್ತಾಯಿತು ಅಂದರೂ ಅದು ನೂರಾರು ಚದರ ಮೈಲಿ ನೀರು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ‘ಯಂತ್ರ ಇಟ್ಟರೆ ಬಂಗಾರ ತೋರಿಸುತ್ತದೆ’ ಅಂತ ನಮ್ಮಲ್ಲೂ ಎಷ್ಟೋ ಜನ ಮೋಸ ಹೋಗುತ್ತಾರೆ. ದೋಣಿಯ ಹಿಂದೆ ಎಳೆದುಕೊಂಡು ಹೋಗುವ ಮ್ಯಾಗ್ನೆಟೋಮೀಟರ್ ಭೂಮಿಯ ಕಾಂತಶಕ್ತಿಯಲ್ಲಿ ಆಗುವ ಏರುಪೇರು ಅಳೆಯುತ್ತದೆ. ಕಬ್ಬಿಣ ಇದ್ದರೆ ಏರುಪೇರಾಗುತ್ತದೆ. ಬಂಗಾರ, ಬೆಳ್ಳಿ, ತಾಮ್ರ, ಕಂಚು ಯಾವುದೂ ಅದಕ್ಕೆ ಕಾಣುವುದಿಲ್ಲ. ಅಂದರೆ ಅತೋಚಾದ ಅಷ್ಟೂ ಬೆಳ್ಳಿಯ ಮೇಲೆ, ಇಪ್ಪತ್ತು ಫಿರಂಗಿಗಳ ಮೇಲೆ ದೋಣಿ ಹೋದರೂ ಮುಳ್ಳು ಅಲುಗುವುದಿಲ್ಲ. ಲಂಗರು, ಮೊಳೆ, ಕಬ್ಬಿಣದ ಗುಂಡು ಇದ್ದರಷ್ಟೇ ಸುಳಿವು. ಅದರ ಮೇಲೆ ಆ ಜಾಗವನ್ನು ಅಮೆರಿಕದ ನೌಕಾಪಡೆ ಬಾಂಬ್ ಹಾಕುವ ಅಭ್ಯಾಸಕ್ಕೆ ಬಳಸಿತ್ತು. ಮುಳ್ಳು ಅಲುಗಿತು ಅಂತ ಆಸೆಯಿಂದ ಅಗೆದರೆ ಹಳೆಯ ಬಾಂಬು!

ಜಿಪಿಎಸ್ ಇನ್ನೂ ಇಲ್ಲ. ಆಳವಿಲ್ಲದ ಕಡೆ ಕಂಬದ ಅಟ್ಟಣೆ ಹಾಕಿ, ಮೇಲೆ ಸರ್ವೆಯವರು ಕೋನ ಅಳೆಯುವ ಥಿಯೋಡೊಲೈಟ್ ಇಟ್ಟುಕೊಂಡು ಒಬ್ಬರು ಬಿಸಿಲಲ್ಲಿ ಕೂರಬೇಕು. ದೋಣಿ ಗೆರೆ ಬಿಟ್ಟು ಓಡದಂತೆ ಎಡಕ್ಕೆ, ಬಲಕ್ಕೆ ಅಂತ ರೇಡಿಯೋದಲ್ಲಿ ಹೇಳುತ್ತಿರಬೇಕು. ನೇಗಿಲ ಸಾಲು ಹಿಡಿದಂತೆ ಸಮುದ್ರವನ್ನು ಉಳುವುದು. ಹೀಗೆ ಉಳುತ್ತಾ 1971ರಲ್ಲಿ ಅತೋಚಾದ್ದು ಅನ್ನುವಂಥ ದೊಡ್ಡ ಲಂಗರು ಸಿಕ್ಕಿತು. ಸುತ್ತಮುತ್ತ ನಾಣ್ಯ, ಬಂಗಾರದ ಸರಪಳಿ. ಮರಳು ಹೊರಳಾಡುವ ಆ ಕಡಿಮೆ ಆಳದ ಪ್ರದೇಶಕ್ಕೆ ‘ಕ್ವಿಕ್‌ಸ್ಯಾಂಡ್ಸ್’ ಅಂತ ಹೆಸರು. ಹಡಗು ಇಲ್ಲೇ ಎಲ್ಲೋ ಇದೆ ಅಂತ ಎಲ್ಲರೂ ನಂಬಿದರು. ಕಾಳು ಸಿಕ್ಕ ಕಡೆಯೇ ಕಣ ಇರುತ್ತದೆ ಅಂತ.

ಇದು ಅತೋಚಾವೇ ಅಂತ ಏನು ಗ್ಯಾರಂಟಿ? ಬೇರೆ ಕಡೆಯ ನಾಣ್ಯ ತಂದು ಇಲ್ಲಿ ಹಾಕಿ, ದುಡ್ಡು ಹಾಕುವವರಿಗೆ ಟೋಪಿ ಹಾಕುತ್ತಿದ್ದಾರೆ ಅಂತ ಆಡಿಕೊಂಡವರೂ ಇದ್ದರು. ಅದಕ್ಕೆ ಉತ್ತರ ಸಿಕ್ಕಿದ್ದು 1973ರಲ್ಲಿ, ಮೂರು ಬೆಳ್ಳಿ ಗಟ್ಟಿಗಳ ರೂಪದಲ್ಲಿ.

ಒಂದು ಗಟ್ಟಿಯನ್ನು ಹತ್ತಿರದಿಂದ ನೋಡೋಣ. ಬ್ರೆಡ್ಡಿನ ದೊಡ್ಡ ತುಂಡಿನ ಆಕಾರ, ಮೂವತ್ತು ಕೆಜಿಯ ಆಸುಪಾಸು ತೂಕ. ಎತ್ತಿದಾಗ ಬೆಳ್ಳಿ ಅಂತ ಯಾರೂ ಹೇಳಲಾರರು. ಬಂಗಾರ ಎಷ್ಟು ವರ್ಷ ಉಪ್ಪುನೀರಲ್ಲಿದ್ದರೂ ನಿನ್ನೆ ಬಿದ್ದಂತೆ ಹೊಳೆಯುತ್ತದೆ. ಬೆಳ್ಳಿ ಹಾಗಲ್ಲ, ಕಪ್ಪಿಟ್ಟು ಇದ್ದಿಲಿನಂತಾಗುತ್ತದೆ. ನಾಣ್ಯಗಳಂತೂ ಚೀಲದ ಆಕಾರದಲ್ಲೇ ಒಂದಕ್ಕೊಂದು ಅಂಟಿ ಹೆಂಟೆಯಾಗಿರುತ್ತವೆ. ಗಟ್ಟಿಯ ಮೇಲೆ ಕೈಯಾಡಿಸಿದರೆ ಗೀರುಗಳು: ಮಾಲೀಕನ ಗುರುತು, ತೆರಿಗೆ ಕಟ್ಟಿದ ಮುದ್ರೆ, ಶುದ್ಧತೆಯ ಅಂಕಿ, ಕ್ರಮಸಂಖ್ಯೆ. ಒಂದು ಕಡೆ ಚಮಚದಲ್ಲಿ ಕೆರೆದು ತೆಗೆದಂಥ ಸಣ್ಣ ತಗ್ಗು. ಅಸಲಿಯೋ ಅಲ್ಲವೋ ಪರೀಕ್ಷಿಸಲು ತೆಗೆದ ತುಣುಕು ಅದು. ನಮ್ಮ ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕುತ್ತಾರೆ, ಅವರು ಕಚ್ಚಿಯೇ ತೆಗೆದಿದ್ದರು.

ಆ ಕ್ರಮಸಂಖ್ಯೆಯೇ ಬೀಗದ ಕೈ. ಹಡಗಿಗೆ ಏರಿಸಿದ ಸರಕಿನ ಪಟ್ಟಿಯ ನಕಲು ಲಯನ್ ಹತ್ತಿರ ಇತ್ತು. ಅದರಲ್ಲಿ ಪ್ರತಿ ಗಟ್ಟಿಯ ಸಂಖ್ಯೆ, ತೂಕ, ಯಾರದ್ದು ಅಂತ ಬರೆದಿದೆ. ಗಟ್ಟಿಯನ್ನು ತಕ್ಕಡಿಗೆ ಹಾಕಿದರು, ಸಂಖ್ಯೆ ಓದಿದರು, ಪಟ್ಟಿ ತೆಗೆದರು. ತಾಳೆಯಾಯಿತು. ಮೂರು ಶತಮಾನದ ಹಿಂದೆ ಒಬ್ಬ ಗುಮಾಸ್ತ ಬೇಜಾರಿನಿಂದಲೋ ಏನೋ ಬರೆದ ಒಂದು ಸಾಲು, ಫ್ಲೋರಿಡಾದ ದೋಣಿಯಲ್ಲಿ ಎತ್ತಿದ ಕರಿ ಹೆಂಟೆಗೆ ಸರಿಯಾಗಿ ಹೊಂದಿತು.

ಪಟ್ಟಿಯಲ್ಲಿ ಇಲ್ಲದ್ದೂ ಬಹಳ ಇತ್ತು ಅನ್ನುವುದು ತಮಾಷೆಯ ಸಂಗತಿ. ಕೊಲಂಬಿಯಾದ ಮೂಸೊ ಗಣಿಯ ಪಚ್ಚೆಗಳು ಸಾವಿರಗಟ್ಟಲೆ ಸಿಕ್ಕವು. ಪಟ್ಟಿಯಲ್ಲಿ ಒಂದೂ ಇಲ್ಲ. ರಾಜನಿಗೆ ಐದನೇ ಒಂದು ಪಾಲು ತೆರಿಗೆ ಕೊಡಬೇಕಿತ್ತಲ್ಲ, ಅದನ್ನು ತಪ್ಪಿಸಿ ತಂದದ್ದು. ಆ ಉದ್ದುದ್ದ ಬಂಗಾರದ ಸರಪಳಿಗಳೂ ಅಷ್ಟೇ. ಮೈಮೇಲಿನ ಒಡವೆಗೆ ತೆರಿಗೆ ಇಲ್ಲ ಅಂತ ಬಂಗಾರವನ್ನು ಸರ ಮಾಡಿ ಹಾಕಿಕೊಂಡು ಬರುತ್ತಿದ್ದರು. ಇವತ್ತು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವವರ ಅಜ್ಜಂದಿರು.

ಹಿರಿಯ ಮಗ ಡರ್ಕ್‌ಗೆ 1975ರಲ್ಲಿ 21 ವರ್ಷ. ಒಂದು ದೋಣಿಯ ಕ್ಯಾಪ್ಟನ್. ಅದಕ್ಕೂ ಮೊದಲೇ, ಹಳೆಯ ನಾವಿಕರು ಸೂರ್ಯ, ನಕ್ಷತ್ರದ ಎತ್ತರ ಅಳೆದು ತಾವೆಲ್ಲಿದ್ದೇವೆ ಅಂತ ತಿಳಿಯಲು ಬಳಸುತ್ತಿದ್ದ ಆಸ್ಟ್ರೋಲೇಬ್ ಒಂದನ್ನು ಎತ್ತಿದ್ದ. ಮರಳಿನ ಕಡೆಯಲ್ಲಿ ಇನ್ನು ಸಾಕು, ಆಳದ ಕಡೆ ನೋಡೋಣ ಅನ್ನುವುದು ಅವನ ಯೋಚನೆ. ಜುಲೈ 13ರಂದು ಆಳದ ಕಡೆಗೆ ಇಳಿದವನಿಗೆ ತಳದಲ್ಲಿ ಕಂಡದ್ದು ಐದು ಕಂಚಿನ ಫಿರಂಗಿ, ಮಣ್ಣಿನಿಂದ ಅರ್ಧ ಮೇಲೆದ್ದು ಮಲಗಿದ್ದವು. ಕೆಲವೇ ದಿನದಲ್ಲಿ ಇನ್ನೂ ನಾಲ್ಕು. ಅವುಗಳ ಮೇಲಿನ ತೂಕದ ಗುರುತು ಕೂಡ ಸೆವಿಯಾದ ಕಾಗದದ ಜೊತೆ ತಾಳೆಯಾಯಿತು. ಗೆರೆಯ ದಿಕ್ಕು ಮೊದಲ ಬಾರಿ ಕಂಡಿತು. ಕ್ವಿಕ್‌ಸ್ಯಾಂಡ್ಸ್ ಗಾಡಿ ಹೋಗಿ ಸೇರಿದ ಕಡೆ, ಕಣ ಇರುವುದು ಆಗ್ನೇಯಕ್ಕೆ, ಆಳದ ನೀರಿನಲ್ಲಿ.

ಜುಲೈ 20ರ ಬೆಳಗಿನ ಜಾವ ಡರ್ಕ್‌ನ ದೋಣಿ ‘ನಾರ್ತ್‌ವಿಂಡ್’ ಲಂಗರು ಹಾಕಿ ನಿಂತಿತ್ತು. ಎಲ್ಲರೂ ಮಲಗಿದ್ದರು. ಒಳಗೆ ನೀರು ನುಗ್ಗಿ ದೋಣಿ ಮಗುಚಿಕೊಂಡಿತು. ಡರ್ಕ್, ಅವನ ಹೆಂಡತಿ ಏಂಜೆಲ್, ರಿಕ್ ಗೇಜ್ ಅನ್ನುವ ಡೈವರ್, ಮೂವರೂ ತೀರಿಕೊಂಡರು. ಫಿರಂಗಿ ಸಿಕ್ಕು ಒಂದು ವಾರ ಆಗಿತ್ತಷ್ಟೇ.

ಮೆಲ್ ಮತ್ತು ಡಿಯೊ ನಿಲ್ಲಿಸಲಿಲ್ಲ. ಇದನ್ನು ಧೈರ್ಯ ಅನ್ನುವವರಿದ್ದಾರೆ, ಹಟ ಅನ್ನುವವರಿದ್ದಾರೆ. ‘ಇವತ್ತೇ ಆ ದಿನ’ ಅಂತ ಮೆಲ್ ದಿನಾ ಬೆಳಿಗ್ಗೆ ಹೇಳುತ್ತಿದ್ದರಂತೆ, ಅಂಗಿಯ ಮೇಲೂ ಅದೇ ಬರೆಸಿಕೊಂಡಿದ್ದರು. ಆ ಮಾತು ನಂಬಿ ದುಡ್ಡು ಹಾಕಿದವರು ಬಹಳ. ಆದರೆ ಡೈವರ್‌ಗಳ ಸಂಬಳ ಎಷ್ಟೋ ಸಲ ವಾರಗಟ್ಟಲೆ ಬಾಕಿ. ನಿಧಿ ಬೇಟೆ ಅಂದರೆ ದೋಣಿಯ ಡೀಸೆಲ್‌ಗೆ ದುಡ್ಡು ಹೊಂದಿಸುವುದೇ ಮುಕ್ಕಾಲು ಭಾಗ.

ಉಳಿದ ಕಾಲು ಭಾಗ ಕೋರ್ಟು. ಸಿಕ್ಕಿದ ನಿಧಿ ಯಾರದ್ದು? ನೆಲದಲ್ಲಿ ಸಿಕ್ಕರೆ ನಮ್ಮ ದೇಶದಲ್ಲಿ 1878ರ ಕಾನೂನೇ ಇದೆ. ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಲೇಬೇಕು. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯೂ ಇದೆ. ಸಮುದ್ರದ ಲೆಕ್ಕ ಬೇರೆ. ಅಲ್ಲಿ ಎರಡು ಹಳೆಯ ನಿಯಮಗಳಿವೆ. ಮುಳುಗುವ ಹಡಗಿನಿಂದ ಸರಕು ಉಳಿಸಿದವನಿಗೆ ಮಾಲೀಕ ಇನಾಮು ಕೊಡಬೇಕು, ಸರಕು ಮಾತ್ರ ಮಾಲೀಕನದ್ದೇ. ಇದು ಒಂದು. ಮಾಲೀಕ ಕೈಬಿಟ್ಟು ಹೋಗಿದ್ದರೆ ಸಿಕ್ಕಿದವನದ್ದೇ ಸೊತ್ತು. ಇದು ಇನ್ನೊಂದು. ಅತೋಚಾ ಎರಡನೆಯದಕ್ಕೆ ಸೇರುತ್ತದೆ ಅಂತ ಫಿಶರ್ ವಾದ.

ಫ್ಲೋರಿಡಾ ರಾಜ್ಯ ಮೊದಲು, ಇದು ನಮ್ಮ ನೀರು, ನಾಲ್ಕನೇ ಒಂದು ಪಾಲು ನಮಗೆ ಅಂತ ಒಪ್ಪಂದ ಬರೆಸಿಕೊಂಡಿತ್ತು. 1975ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಗಡಿ ಎಲ್ಲಿಯವರೆಗೆ ಅಂತ ಹೇಳಿದಾಗ, ಆ ಜಾಗ ಗಡಿಯ ಆಚೆಗಿದೆ ಅಂತ ಗೊತ್ತಾಯಿತು. ಆಗ ಕೇಂದ್ರ ಸರ್ಕಾರ ಬಂದು ನಮ್ಮದು ಅಂದಿತು. ಮೆಲ್‌ರ ಕಂಪನಿ ‘ಟ್ರೆಷರ್ ಸಾಲ್ವರ್ಸ್’ ಹೂಡಿದ ದಾವೆಯ ಹೆಸರೇ ಚೆಂದ: ಎದುರಾಳಿ ಒಬ್ಬ ಮನುಷ್ಯನಲ್ಲ, ‘ಗುರುತು ಸಿಗದ, ಒಡೆದ, ಕೈಬಿಟ್ಟ ಹಾಯಿ ಹಡಗು’. ನೌಕಾ ಕಾನೂನಿನಲ್ಲಿ ಹಡಗಿನ ಮೇಲೆಯೇ ಕೇಸ್ ಹಾಕಬಹುದು, ಮುಳುಗಿ ಮುನ್ನೂರು ವರ್ಷ ಆಗಿದ್ದರೂ ಸರಿ. ಕೇಂದ್ರ ಸರ್ಕಾರದ ವಾದ 1978ರಲ್ಲಿ ಬಿದ್ದುಹೋಯಿತು. ರಾಜ್ಯ ಹಿಡಿದಿಟ್ಟುಕೊಂಡಿದ್ದ ಸಾಮಾನು ವಾಪಸು ಕೊಡಬೇಕು ಅಂತ 1982ರ ಜುಲೈ 1ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಇಷ್ಟೆಲ್ಲ ಜಗಳ ಆದಾಗ ಮುಖ್ಯ ರಾಶಿ ಇನ್ನೂ ಸಿಕ್ಕೇ ಇರಲಿಲ್ಲ!

1980ರಲ್ಲಿ ಮಾರ್ಗರೀತಾ ಸಿಕ್ಕಿ ಉಸಿರಾಡುವಷ್ಟು ದುಡ್ಡಾಯಿತು. ಆಮೇಲೆ ಕಿರಿಯ ಮಗ ಕೇನ್ ‘ಡಾಂಟ್‌ಲೆಸ್’ ಅನ್ನುವ ದೋಣಿಯಲ್ಲಿ ಅಣ್ಣ ತೋರಿಸಿದ ದಿಕ್ಕಿನ ಜಾಡು ಹಿಡಿದ. 1985ರ ಜುಲೈ 20. ಇಳಿದ ಡೈವರ್‌ಗಳಿಗೆ ಎದುರಾದದ್ದು ಹವಳದ ದಿಬ್ಬದಂಥ ಒಂದು ಗೋಡೆ. ಮುಟ್ಟಿ ನೋಡಿದರೆ ಬೆಳ್ಳಿ ಗಟ್ಟಿಗಳ ಅಟ್ಟಿ. ಇನ್ನು ನಕ್ಷೆಗಳನ್ನೆಲ್ಲ ಎತ್ತಿಡಿ, ರಾಶಿ ಸಿಕ್ಕಿತು ಅಂತ ಕೇನ್ ರೇಡಿಯೋದಲ್ಲಿ ಕಚೇರಿಗೆ ಹೇಳಿದ. ಡರ್ಕ್ ಸತ್ತು ಅವತ್ತಿಗೆ ಸರಿಯಾಗಿ ಹತ್ತು ವರ್ಷ. ಕಥೆಗಾರರು ಬರೆದಿದ್ದರೆ ಇದು ಅತಿಯಾಯಿತು ಅನ್ನುತ್ತಿದ್ದೆವು.

ಸಿಕ್ಕಿದ್ದರ ಬೆಲೆ ಅಂದಾಜು 40 ಕೋಟಿ ಡಾಲರ್ ಅಂತ ಪತ್ರಿಕೆಗಳಲ್ಲಿ ಬಂತು. ಆ ಮೊತ್ತ ಫಿಶರ್ ಮನೆಯ ಪೆಟ್ಟಿಗೆಗೆ ಬಂತು ಅಂದುಕೊಳ್ಳಬೇಡಿ. ದುಡ್ಡು ಹಾಕಿದವರಿಗೆ, ಡೈವರ್‌ಗಳಿಗೆ, ಕೆಲಸದವರಿಗೆ ಸಾಮಾನಿನಲ್ಲೇ ಪಾಲು ಹಂಚಬೇಕಿತ್ತು. ಒಂದು ಪಚ್ಚೆ ಎಷ್ಟು ನಾಣ್ಯಕ್ಕೆ ಸಮ, ಒಂದು ಗಟ್ಟಿ ಎಷ್ಟಕ್ಕೆ ಅಂತ ಅಂಕ ಕೊಟ್ಟು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹಂಚಿದರು. 1988ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿಗೂ ಒಂದಷ್ಟು ಹೋಯಿತು.

ಪುರಾತತ್ವದವರ ಸಿಟ್ಟು ಇಲ್ಲೇ. ಡಂಕನ್ ಮ್ಯಾಥ್ಯೂಸನ್ ಅನ್ನುವ ಪುರಾತತ್ವಜ್ಞರನ್ನು ಫಿಶರ್ 1973ರಲ್ಲೇ ಸೇರಿಸಿಕೊಂಡಿದ್ದರು, ಎಲ್ಲಿ ಏನು ಸಿಕ್ಕಿತು ಅಂತ ನಕ್ಷೆ ಬರೆಯುವ ಕೆಲಸ ಅವರದ್ದು. ರಾಗಿ ಸೋರಿದ ಗೆರೆ ಅರ್ಥವಾದದ್ದರಲ್ಲಿ ಆ ನಕ್ಷೆಗಳ ಪಾಲು ದೊಡ್ಡದು. ಆದರೂ ಒಂದು ಹಡಗಿನ ಸಾಮಾನು ಒಟ್ಟಿಗೆ ಇದ್ದರೆ ಅದು ಆ ಕಾಲದ ಇಡೀ ಬದುಕು ಹೇಳುತ್ತದೆ, ನೂರು ಮನೆಯ ಶೋಕೇಸಿಗೆ ಚದುರಿದರೆ ಬರೀ ಅಲಂಕಾರ ಅನ್ನುವ ವಾದದಲ್ಲಿ ನ್ಯಾಯವಿದೆ. ಮೇಲ್‌ಬಾಕ್ಸ್ ಮೇಲೂ ದೂರು ಬಂತು. 1992ರಲ್ಲಿ ಫ್ಲೋರಿಡಾದ ಇನ್ನೊಂದು ಕಡೆ ಇದೇ ಕೊಳವೆಯಿಂದ ಕಡಲ ಹುಲ್ಲಿನ ಹಾಸಿನಲ್ಲಿ ಗುಂಡಿ ತೋಡಿದ್ದಕ್ಕೆ ಸರ್ಕಾರ ಕೋರ್ಟಿಗೆ ಹೋಗಿ ಗೆದ್ದಿತು. ಹಿಂದೆ ಜಾಣ್ಮೆ ಅನ್ನಿಸಿಕೊಂಡ ಉಪಾಯ ಈಗ ಹಾನಿಯ ಪಟ್ಟಿಯಲ್ಲಿ.

ಕಾನೂನೂ ಬದಲಾಯಿತು. ಅತೋಚಾ ಜಗಳದ ಬೆನ್ನಿಗೇ ಅಮೆರಿಕ 1987ರ ಕಾಯ್ದೆ ಮಾಡಿ, ರಾಜ್ಯದ ನೀರಿನಲ್ಲಿರುವ ಕೈಬಿಟ್ಟ ಹಡಗುಗಳು ರಾಜ್ಯದ್ದೇ ಅಂದಿತು. ಸ್ಪೇನ್ ಕೂಡ ಎಚ್ಚೆತ್ತಿತು. 1804ರಲ್ಲಿ ಮುಳುಗಿದ ‘ಮೆರ್ಸೆದೆಸ್’ ಹಡಗಿನಿಂದ ಅಮೆರಿಕದ ಕಂಪನಿಯೊಂದು ಎತ್ತಿದ ಐದು ಲಕ್ಷಕ್ಕೂ ಹೆಚ್ಚು ನಾಣ್ಯಗಳು, 17 ಟನ್, ಕೋರ್ಟಿನ ಆದೇಶದಂತೆ 2012ರಲ್ಲಿ ವಿಮಾನ ಹತ್ತಿ ಸ್ಪೇನಿಗೆ ಹೋದವು. ಅತೋಚಾ ಇವತ್ತು ಸಿಕ್ಕಿದ್ದರೆ ಫಿಶರ್ ಗೆಲ್ಲುತ್ತಿದ್ದರಾ? ನನಗೆ ಅನುಮಾನ.

ಮೆಲ್ 1998ರ ಡಿಸೆಂಬರಿನಲ್ಲಿ ತೀರಿಕೊಂಡರು, ಡಿಯೊ 2009ರಲ್ಲಿ. ಕೀ ವೆಸ್ಟ್‌ನಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಾರ್ಗರೀತಾದ ಒಂದು ಬಂಗಾರದ ಗಟ್ಟಿ ಇತ್ತು, ಎರಡು ಕೆಜಿಗಿಂತ ಜಾಸ್ತಿ. ಪೆಟ್ಟಿಗೆಗೆ ಒಂದು ತೂತು. ಬಂದವರು ಕೈ ಹಾಕಿ ಎತ್ತಿ ನೋಡಬಹುದು, ತೂತಿನಿಂದ ಹೊರಗೆ ಬರುವುದಿಲ್ಲ ಅಂತ ನಂಬಿಕೆ. ಬಂಗಾರದ ಭಾರ ಕೈಗೆ ತಿಳಿಯಲಿ ಅಂತ ಮಾಡಿದ್ದು, ಎಂಥ ಒಳ್ಳೆಯ ಯೋಚನೆ ಅಲ್ವಾ? 2010ರ ಆಗಸ್ಟಿನಲ್ಲಿ ಇಬ್ಬರು ಪೆಟ್ಟಿಗೆ ಮುರಿದು ಅದನ್ನು ಕದ್ದರು. ಅವರಿಗೆ ಶಿಕ್ಷೆಯಾದದ್ದು 2018ರಲ್ಲಿ.

ಹುಡುಕಾಟ ನಿಂತಿಲ್ಲ. ಹಡಗಿನ ಹಿಂಬದಿಯ ಎತ್ತರದ ಭಾಗ, ದೊಡ್ಡ ಮನುಷ್ಯರೂ ಪಾದ್ರಿಗಳೂ ಇದ್ದ ಕೋಣೆಗಳ ಭಾಗ, ಇನ್ನೂ ಸಿಕ್ಕಿಲ್ಲ. ಕಿಮ್ ಫಿಶರ್ ಅದರ ಹಿಂದೆ ಬಿದ್ದರು, ಅವರ ಮಗ ಶಾನ್ ಕೂಡ. 2011ರಲ್ಲಿ ಒಂದು ಪಚ್ಚೆಯ ಉಂಗುರ ಬಂತು, ಐದು ಲಕ್ಷ ಡಾಲರ್ ಬೆಲೆ ಅಂತ ಅಂದಾಜು. ಮಿಕ್ಕ ದಿನಗಳ ಕೆಲಸ ಹೀಗೆ: ದೋಣಿ ನಿಲ್ಲಿಸುವುದು, ಲಂಗರುಗಳಿಂದ ಬಿಗಿಯುವುದು, ಮೇಲ್‌ಬಾಕ್ಸ್ ಇಳಿಸಿ ಎಂಜಿನ್ ಓಡಿಸುವುದು. ಕದಡು ತಿಳಿಯಾದ ಮೇಲೆ ಡೈವರ್‌ಗಳು ಲೋಹಶೋಧಕ ಹಿಡಿದು ಗುಂಡಿಗೆ ಇಳಿಯುತ್ತಾರೆ. ಬಹುಪಾಲು ಗುಂಡಿಗಳಲ್ಲಿ ಏನೂ ಇರುವುದಿಲ್ಲ. ಇಲ್ಲಿ ನೋಡಿ ಆಯಿತು ಅಂತ ಗುರುತು ಹಾಕಿಕೊಂಡು, ದೋಣಿಯನ್ನು ಸ್ವಲ್ಪ ಮುಂದಕ್ಕೆ ಸರಿಸುತ್ತಾರೆ.